ಗಂಡನಿಗೆ ಬಾಣಂತನ

ನನ್ನ ಗಂಡನಿಗೆ ನಮ್ಮತ್ತೆ ಬಾಣಂತನ ಮಾಡಿದರು. ನಗಬೇಡಿ, ನಿಜ. ಐವತ್ತರ ದಶಕದಲ್ಲಿ ಇವರು ರಾಮನಾಥಪುರದ ಸುತ್ತಲಿನ ಹಳ್ಳಿಗಳಿಗೆಲ್ಲ ಸೈಕಲ್ ತುಳಿದು ಕಂಪನಿ ಪರವಾಗಿ ಹೊಗೆಸೊಪ್ಪಿನ ಬೆಳೆ ನೋಡಿಬರುತ್ತಿದ್ದರು. ಆಮೇಲೆ ಅರಕಲಗೂಡಿನಲ್ಲಿ ಕುರ್ಚಿ ಮೇಲೆ ಕೂರುವ ಕೆಲಸ ಸಿಕ್ಕಿತು. ಕುರ್ಚಿ ಸಿಕ್ಕವನು ಮುದ್ದೆ ತಿನ್ನುವುದುಂಟೇ? ಎರಡು ಹೊತ್ತೂ ಅನ್ನ, ಮೇಲೆ ತುಪ್ಪ. ನಲವತ್ತೆರಡನೇ ವಯಸ್ಸಿಗೆ ಹೊಟ್ಟೆ ಪಂಚೆಯ ಮೇಲೆ ಬಂದು ಕೂತಿತು. ಹಾಸಿಗೆಗೆ ಬಿದ್ದರೆ ಗೊರಕೆ. ನನ್ನ ಕಡೆ ತಿರುಗುವುದನ್ನೇ ಬಿಟ್ಟರು.

"ನನ್ ಮಗ ಸುಸ್ತಾಗವ್ನೆ" ಎಂದು ಅತ್ತೆ ಬಾಣಂತಿಯರ ಲೇಹ್ಯವನ್ನೇ ಕಾಯಿಸಿ ದಿನಾ ತಿನ್ನಿಸಿದರು. ಹೊಟ್ಟೆ ಬೆಳೆಯಿತು, ಕಸುವು ಬರಲಿಲ್ಲ. ನಾನು ಹೆತ್ತಿದ್ದು ಎರಡೂ ಹೆಣ್ಣು, ಅವರಿಗೆ ಮೊಮ್ಮಗ ಬೇಕಿತ್ತು. ಕೊನೆಗೆ ತಪ್ಪು ಯಾರದು? ನನ್ನದೇ!

"ನಿಂಗೆ ವಯಸ್ಸಾಯ್ತು ಕಣಮ್ಮಿ, ಅದ್ಕೇ ಅವ್ನಿಗೆ ಮನಸಿಲ್ಲ. ಇನ್ನೊಂದ್ ಮದ್ವೆ ಮಾಡ್ತೀನಿ" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ನನಗಾಗ ಮೂವತ್ತಮೂರು.

ಹಟ ಮಾಡಿ ಇವರನ್ನು ಹಾಸನದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. "ಗಂಡಸಿನ ಕಸುವಿಗೆ ಮೈಯೊಳಗೇ ಒಂದು ರಸ ಇರುತ್ತೆ. ವಯಸ್ಸು ಅದನ್ನ ಸ್ವಲ್ಪ ತಗೊಳ್ಳುತ್ತೆ, ಬೊಜ್ಜು ಜಾಸ್ತಿ ತಗೊಳ್ಳುತ್ತೆ. ತೂಕ ಇಳಿಸಿ, ನಡೀರಿ" ಎಂದರು ಡಾಕ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ಹೇಳಿದ್ದು ಒಂದೇ ಮಾತು: "ಮನೇಲಿ ಯೋಳ್ಬ್ಯಾಡ ಕಣೆ." ಪಾಪ ಅನ್ನಿಸಿ ಸುಮ್ಮನಾದೆ.

ಚನ್ನರಾಯಪಟ್ಟಣದಿಂದ ಹೆಣ್ಣಿನ ಕಡೆಯವರು ಬಂದು ಜಗಲಿಯಲ್ಲಿ ಕೂತಾಗ ಮಾತ್ರ ಸುಮ್ಮನಿರಲು ಆಗಲಿಲ್ಲ. ಕಾಫಿ ಲೋಟಗಳನ್ನು ಕೆಳಗಿಟ್ಟೆ.

"ಹೆಣ್ಣು ಕೊಡೋ ಮುಂಚೆ ಡಾಕ್ಟ್ರು ಏನಂದ್ರು ಅಂತ ಇವ್ರನ್ನೇ ಕೇಳಿ. ನನ್ ವಯಸ್ಸಿಗೆ ಏನೂ ಆಗಿಲ್ಲ" ಎಂದೆ.

"ಬಾಯ್ಮುಚ್ಚೆ! ಗಂಡನ್ ಮಾನ ಕಳೀತೀಯಾ?" ಎಂದು ಅತ್ತೆ ಕಿರುಚಿದರು.

"ದಿನಾ ನನ್ ಮಾನ ಕಳೀತಿದ್ರಲ್ಲ, ನಂದು ಮಾನ ಅಲ್ವಾ?"

ಎಲ್ಲರೂ ಇವರ ಮುಖ ನೋಡಿದರು. ಇವರು ಬೆವೆತುಹೋಗಿದ್ದರು. ಈ ಮನುಷ್ಯ ಇಲ್ಲ ಅಂದುಬಿಟ್ಟರೆ ಮಕ್ಕಳನ್ನು ಕಟ್ಟಿಕೊಂಡು ನಾನು ತವರಿಗೆ ಹೋಗಬೇಕಿತ್ತು.

"ಅವ್ವ, ಅವ್ಳು ಸರ್ಯಾಗವ್ಳೆ. ಕೆಟ್ಟಿರೋನು ನಾನು" ಎಂದರು.

ಬಂದವರು ಕಾಫಿ ಮುಟ್ಟದೆ ಎದ್ದುಹೋದರು. ಇವರು ಬಾಯಿ ಕಟ್ಟಿ, ನಡೆದು ನಡೆದು ತೂಕ ಇಳಿಸಿಕೊಂಡರು. ಹೋದ ಪ್ರಾಯವೆಲ್ಲ ಬಂತು ಅಂದರೆ ಸುಳ್ಳಾದೀತು, ಮೊಮ್ಮಗನೂ ಹುಟ್ಟಲಿಲ್ಲ. ಗಂಡನ ಮಾನ ಕಳೆದವಳು ಎಂದು ಬೀದಿಯ ಹೆಂಗಸರು ಬಹಳ ದಿನ ಆಡಿಕೊಂಡರು. ಆಡಿಕೊಳ್ಳಲಿ. ನನಗೆ ಬೇಕಿದ್ದದ್ದು ಬೀದಿಯವರು ಕೊಡುವ ಮಾನವಲ್ಲ, ಗಂಡ. ಇವರು ಅವತ್ತು ಆ ಜಗಲಿಯಲ್ಲಿ ನನ್ನ ಕಡೆ ತಿರುಗಿದರು.