ಮೂಲೆಯ ಡಬ್ಬದ ಐಸು

ಆ ಮಧ್ಯಾಹ್ನ ರಾಯದುರ್ಗದ ಐಸ್ ಫ್ಯಾಕ್ಟರಿಯ ತೊಟ್ಟಿಯ ಹತ್ತಿರ ಇದ್ದವರು ಇಬ್ಬರೇ, ನಾನು ಮತ್ತು ನನ್ನ ಅಕ್ಕನ ಮಗಳು ಗಿರಿಜ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ಸಂಗತಿ ನಿಂತಿರುವುದು ಇದರ ಮೇಲೆಯೇ. ದೆವ್ವ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಹೊಲಿಗೆ ಮಿಷನ್ನು ನಿಲ್ಲಿಸಿ ನಗುತ್ತಿದ್ದ ದರ್ಜಿ ನಾನು. ನಮ್ಮಜ್ಜಿಯ ಬಾಯಿಂದ ಇಂಥವನ್ನು ಬೇಕಾದಷ್ಟು ಕೇಳಿದ್ದೇನೆ. ಅವಳ ಮಾತಿನ ಸೊಗಸಿಗೆ ಕೇಳಿದೆನೇ ಹೊರತು ಒಂದನ್ನೂ ನಂಬಿದವನಲ್ಲ.

ನಾಲ್ಕು ವರ್ಷದ ಹಿಂದಿನ ಬೇಸಿಗೆ. ಅಕ್ಕನನ್ನು ಕೊಟ್ಟಿರುವುದು ಮಡಕಶಿರಾಕ್ಕೆ. ಗಿರಿಜ ಅಲ್ಲೇ ಬೆಳೆದು, ಈಗ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿದ್ದಾಳೆ. ಐಸನ್ನು ದೊಡ್ಡ ಅಯಸ್ಕಾಂತದ ಯಂತ್ರದೊಳಗಿಟ್ಟು ನೋಡುವುದು ಅವಳ ಕೆಲಸ. ಆಸ್ಪತ್ರೆಯ ಸ್ಕ್ಯಾನಿಂಗ್ ಮಿಷನ್ನಿನ ಸೋದರ ಸಂಬಂಧಿ ಅಂದುಕೊಳ್ಳಿ. ಐಸು ನಮ್ಮ ಕೈಗೆ ಗಟ್ಟಿ ಎನಿಸಿದರೂ ಒಳಗೆ ಕೂದಲೆಳೆಯಂಥ ಸಂದುಗಳಲ್ಲಿ ಉಪ್ಪುನೀರು ಹೆಪ್ಪುಗಟ್ಟದೆ ಉಳಿದಿರುತ್ತದಂತೆ. ಚಳಿ ತಡೆಯುವ ಸೂಕ್ಷ್ಮಜೀವಿಗಳು ಅದರಲ್ಲಿ ಬದುಕುತ್ತವಂತೆ. ಆ ನೀರಿನಲ್ಲಿ ಏನೇನು ಕರಗಿದೆ ಎಂಬುದನ್ನೂ ಯಂತ್ರ ಹೇಳುತ್ತದಂತೆ. ಹಳೆಯ ಐಸ್ ಫ್ಯಾಕ್ಟರಿಯಲ್ಲಿ ಅಂಥ ಜೀವಿಗಳು ಸಿಕ್ಕಾವೆಂದು ಬಂದಿದ್ದಳು.

ಫ್ಯಾಕ್ಟರಿಯ ಸಾಹುಕಾರರು ಬೀಗ ತೆಗೆದುಕೊಟ್ಟರು. "ತಗೋ ಅವ್ವ. ಆದ್ರ ನಮ್ಮ ಐಸಿನಾಗ ಹುಳ ಅದಾವಂತ ಬರದೀಯ ಮತ್ತ, ಶರಬತ್ತಿನೋರು ನನ್ನ ಬಡೀತಾರ" ಎಂದು ನಕ್ಕು ಮುಂದಿನ ಕೋಣೆಗೆ ಹೋದರು.

ತೊಟ್ಟಿಯ ತುಂಬ ಉಪ್ಪುನೀರು. ಅದರೊಳಗೆ ಅಮೋನಿಯ ಹರಿಯುವ ಪೈಪುಗಳು. ಆ ತಣ್ಣನೆಯ ನೀರಿನಲ್ಲಿ ಇಳಿಬಿಟ್ಟ ತಗಡಿನ ಡಬ್ಬಗಳಲ್ಲಿ ಐಸು ಕಟ್ಟುತ್ತದೆ. ಕರೆಂಟು ಹೋಗಿ ಮಿಷನ್ನು ನಿಂತಿತ್ತು. ಗಿರಿಜ ಮೊದಲ ಸಾಲಿನ ಮರದ ಮುಚ್ಚಳಕ್ಕೆ ಕೈ ಹಾಕಿದಳು. ನನ್ನ ಬೆನ್ನ ಹಿಂದಿನಿಂದ ಮಾತು ಬಂತು: "ಅದಲ್ರಿ. ಮೂಲ್ಯಾಗಿಂದು ತಗೀರಿ."

ಮಿಷನ್ನು ನಡೆಸುವ ತಿಪ್ಪಣ್ಣನ ದನಿ. ಇಪ್ಪತ್ತು ವರ್ಷದಿಂದ ಅವನ ಖಾಕಿ ಪ್ಯಾಂಟು ಹೊಲಿದವನು ನಾನು, ದನಿ ಗೊತ್ತಾಗದೆ ಇದ್ದೀತೆ? ಮಾತಿನ ನಡುವೆ ಗಂಟಲು ಸುಟ್ಟವನ ಹಾಗೆ ಕೆಮ್ಮಿದ. ನಾನು ತಿರುಗದೆಯೇ, "ಯಾಕೋ ತಿಪ್ಪಣ್ಣ, ಇಷ್ಟು ಬಿಸಿಲಿನಾಗ ನೆಗಡಿ ಆಗೇತೇನು?" ಎಂದೆ. ತಿರುಗಿದರೆ ಯಾರೂ ಇಲ್ಲ.

"ಯಾರ್ ಜೊತೆ ಮಾತಾಡ್ತಿದ್ದೀಯಾ ಮಾಮ?"

"ತಿಪ್ಪಣ್ಣನ ಕೂಡ. ಮೂಲ್ಯಾಗಿನ ಡಬ್ಬ ತಗೀಬೇಕಂತ."

"ನಂಗೇನೂ ಕೇಳ್ಸಲಿಲ್ಲಪ್ಪ. ಬಿಸಿಲು ತಲೆಗೇರೈತೆ ನಿಂಗೆ" ಎಂದು ನಕ್ಕಳು. ಆದರೂ ಮೂಲೆಯ ಮುಚ್ಚಳವನ್ನೇ ಎತ್ತಿದಳು. ಡಬ್ಬ ಎಲ್ಲೋ ತೂತಾಗಿ ತೊಟ್ಟಿಯ ಉಪ್ಪುನೀರು ಒಳಗೆ ಸೇರಿತ್ತು. ಐಸು ಬಿಳಿಚಿಕೊಂಡು ಮೆತ್ತಗಿತ್ತು. ತನಗೆ ಬೇಕಾದದ್ದೇ ಸಿಕ್ಕಿತೆಂದು ಅದನ್ನೇ ಕೊರೆದು ಫ್ಲಾಸ್ಕಿಗೆ ತುಂಬಿಕೊಂಡಳು.

ಹೊರಗೆ ಬಂದು ತಿಪ್ಪಣ್ಣನನ್ನು ಕೇಳಿದರೆ ಸಾಹುಕಾರರು ನನ್ನ ಮುಖ ನೋಡಿದರು. "ಅಂವ ಎಲ್ಲಿ ಬಂದಾನ್ರಿ? ಮಗಳನ್ನ ಕರಕೊಂಡು ಬೆಳಗ್ಗೇನೆ ಬಳ್ಳಾರಿ ದವಾಖಾನಿಗೆ ಹೋಗ್ಯಾನ." ಸಂಜೆ ಅಂಗಡಿಗೆ ಬಂದ ತಿಪ್ಪಣ್ಣನಿಗೆ ವಿಷಯ ಹೇಳಿದೆ. ಅವನಿಗೆ ನೆಗಡಿಯೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. "ಬಳ್ಳಾರಿಯಿಂದ ನಿಮಗ ಕೇಳಸ್ತಂದ್ರ ನನ್ನ ಗಂಟಲು ಭಾರಿ ಐತಿ ಬಿಡ್ರಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಎಂಟನೆಯ ದಿನ ಫ್ಯಾಕ್ಟರಿಯಲ್ಲಿ ಅಮೋನಿಯ ಹೊರನುಗ್ಗಿತು. ಒಳಗಿದ್ದ ಇಬ್ಬರು ಹಮಾಲರನ್ನು ತಿಪ್ಪಣ್ಣ ಹೊರಗೆ ದಬ್ಬಿದ, ತಾನು ಸಿಕ್ಕಿಬಿದ್ದ. ನಾನು ಓಡಿ ಹೋದಾಗ ಅವನನ್ನು ಅಂಗಳದಲ್ಲಿ ಮಲಗಿಸಿದ್ದರು. ಕೆಮ್ಮುತ್ತಿದ್ದ. ನಾನು ಆ ಮಧ್ಯಾಹ್ನ ಕೇಳಿದ್ದು ಅದೇ ಕೆಮ್ಮು. ಬಳ್ಳಾರಿ ಮುಟ್ಟುವ ಮೊದಲೇ ಜೀವ ಹೋಯಿತು.

ಕುಡಿದು ಬಂದು ವಾಲ್ವು ತೆರೆದೇ ಬಿಟ್ಟಿದ್ದ ಎಂದು ಸಾಹುಕಾರರು ಪೊಲೀಸರಿಗೆ ಬರೆಸಿದರು. ತಿಪ್ಪಣ್ಣ ಕುಡಿಯುವವನಲ್ಲ. ಆದರೂ ಊರು ನಂಬಿತು. ಅವನ ಹೆಂಡತಿ ಗಂಗಮ್ಮ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು, "ಹೋದೋರು ಹೋದ್ರಣ್ಣ. ಕುಡುಕ ಅನ್ನೋ ಮಾತೊಂದು ಅಳಸಿ ಕೊಡ್ರಿ. ನನ್ನ ಮಗಳು ಅದನ್ನ ಹೊತ್ತಕೊಂಡು ತಿರುಗಬೇಕೇನು?" ಎಂದಳು. ನನ್ನ ಹತ್ತಿರ ಏನಿತ್ತು ಕೊಡಲು?

ತಿಂಗಳಾದ ಮೇಲೆ ಗಿರಿಜ ಫೋನ್ ಮಾಡಿದಳು. "ಮಾಮ, ಆ ಐಸಿನ ನೀರಲ್ಲಿ ಅಮೋನಿಯ ಐತೆ. ನಾವು ಹೋದಾಗ್ಲೇ ಪೈಪು ಸೋರ್ತಿತ್ತು." ತೊಟ್ಟಿಯ ನೀರು ಸೇರದ ಮೊದಲ ಸಾಲಿನ ಗಟ್ಟಿ ಡಬ್ಬ ತೆಗೆದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಐಸು ಅಷ್ಟು ದಿನ ಪ್ರಯೋಗಾಲಯದಲ್ಲಿ ಯಂತ್ರದ ಸರದಿ ಕಾಯುತ್ತಾ ಕೂತಿತ್ತು. ಆ ದನಿ ಹೆಸರು ಉಳಿಸಿರೆಂದು ಹೇಳಿತೋ, ಜೀವ ಉಳಿಸಿರೆಂದು ಹೇಳಿತೋ, ನನಗೆ ಇಂದಿಗೂ ಗೊತ್ತಿಲ್ಲ. ಬದುಕಿರುವವನ ದನಿ ಅವನಿಲ್ಲದ ಜಾಗದಲ್ಲಿ, ಎಂಟು ದಿನದ ಮೇಲೆ ಬರಲಿದ್ದ ಕೆಮ್ಮಿನೊಂದಿಗೆ ಹೇಗೆ ಕೇಳಿಸಿತು? ನಿಮಗೆ ತಿಳಿದರೆ ಹೇಳಿ.

ಗಿರಿಜ ಬರೆದುಕೊಟ್ಟ ವರದಿಯನ್ನು ಠಾಣೆಗೆ ಒಯ್ದೆವು. ತೊಟ್ಟಿ ಖಾಲಿ ಮಾಡಿಸಿ ನೋಡಿದಾಗ ತಳದ ಪೈಪು ತುಕ್ಕು ಹಿಡಿದು ತೂತಾಗಿತ್ತು. ತಪ್ಪು ತಿಪ್ಪಣ್ಣನದಲ್ಲ ಎಂದು ಠಾಣೆಯಿಂದ ಕಾಗದವಾಯಿತು.

ಹೋದ ವರ್ಷ ಡಿ. ಹಿರೇಹಾಳಿನ ಕಡೆಯಿಂದ ಗಂಗಮ್ಮನ ಮಗಳನ್ನು ನೋಡಲು ಬಂದವರು ಮೊದಲು ನನ್ನ ಅಂಗಡಿಗೆ ಬಂದು ವಿಚಾರಿಸಿದರು. "ಹುಡುಗಿ ತಂದಿ ಕುಡದು ಸತ್ತನಂತಲ್ರಿ?" ನಾನು ಆ ಕಾಗದದ ನಕಲು ತೆಗೆದು ಕೊಟ್ಟೆ. ಹಿರಿಯರೊಬ್ಬರು ಪೂರ್ತಿ ಓದಿದರು, ಮಡಿಚಿ ವಾಪಸು ಕೊಟ್ಟರು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಗಂಗಮ್ಮನ ಮನೆಯಲ್ಲಿ ಉಪ್ಪಿಟ್ಟು ಮಾಡಿಟ್ಟುಕೊಂಡು ಕಾಯುತ್ತಿದ್ದರು. ಬಂದವರು ಆ ಕಡೆ ಹೋಗಲೇ ಇಲ್ಲ.