ಪಾಸಿಂಗ್ ಗಾಲಿ

ನಮ್ಮ ಮನೆಯವರು ಸರ್ಕಾರಿ ಕಚೇರಿಯ ಗುಮಾಸ್ತರು. ನಿಯಮದ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ಮನೆಯಲ್ಲಿ ಉಪ್ಪು ಮುಗಿದರೂ ಮೊದಲೇ ಏಕೆ ತಿಳಿಸಲಿಲ್ಲವೆಂದು ವಿವರಣೆ ಕೇಳುತ್ತಾರೆ. ಅಂಥವರು, ನಾವು ಹಳೆಯ ಪುಟ್ಟ ಕಾರೊಂದನ್ನು ಕೊಂಡ ವಾರದಲ್ಲೇ ಅದನ್ನು ಸುರಪುರಕ್ಕೆ ಒಯ್ದರು. ಕಂಪನಿ ಗಾಲಿ ನಾಲ್ಕನ್ನೂ ಬಿಚ್ಚಿಸಿ ಟೈರ್ ಅಂಗಡಿಯಲ್ಲೇ ಬಿಟ್ಟು, ಮಡ್ಗಾರ್ಡಿನಿಂದ ನಾಲ್ಕು ಬೆರಳು ಆಚೆ ಚಾಚುವ ದಪ್ಪ ಗಾಲಿ ಹಾಕಿಸಿಕೊಂಡು ಬಂದರು. ಕಾರು ಕೊಂಡದ್ದು ನನಗಾಗಿ. ಶಹಾಪುರದಿಂದ ದೋರನಹಳ್ಳಿಯ ಶಾಲೆಗೆ ಪಾಠ ಹೇಳಲು ನಾನು ದಿನವೂ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗುವುದು ತಪ್ಪಲಿ ಎಂದು.

"ಇದು ರೂಲಿನಾಗ ಬರ್ತದೇನ್ರಿ?" ಎಂದೆ.

"ಚಂದ ಕಾಣ್ತದ," ಎಂದರು. ರೂಲು ಪುಸ್ತಕದ ಈ ಕಲಮು ನನಗೆ ಹೊಸದು.

ನಾನು ಕಾರು ಕಲಿತದ್ದು ನಲವತ್ತೈದನೇ ವಯಸ್ಸಿನಲ್ಲಿ. ಕಲಿಸುವವರ ಕಾರಿನಲ್ಲಿ ಚೆನ್ನಾಗಿಯೇ ಓಡಿಸುತ್ತಿದ್ದೆ. ನಮ್ಮ ಕಾರಿನಲ್ಲಿ ಮಾತ್ರ ಸ್ಟೇರಿಂಗ್ ತಿರುಗಿಸುವುದೆಂದರೆ ಬೀಸುಕಲ್ಲು ತಿರುಗಿಸಿದಂತೆ. ಪೂರ್ತಿ ತಿರುಗಿಸಿದರೆ ಟೈರು ತಗಡಿಗೆ ಉಜ್ಜಿ ಗರ್ರೆನ್ನುತ್ತಿತ್ತು. ಶಾಲೆಯ ಗೇಟಿನ ಮುಂದೆ ಒಂದು ಬೇವಿನ ಮರ. ಅದನ್ನು ಬಳಸಿ ಒಳಗೆ ಹೋಗಲು ನನಗೆ ಮೂರು ಸಲ ಹಿಂದೆ ಮುಂದೆ ಆಗಬೇಕು. ಎದುರಿನ ಚಹಾ ಹೋಟೆಲಿನ ಬೆಂಚಿನವರು ಗಟ್ಟಿಯಾಗಿ ಎಣಿಸುತ್ತಿದ್ದರು: "ಒಂದು... ಎರಡು... ಮೂರು!"

"ಸ್ಟೇರಿಂಗ್ ನಿನ್ನ ಕೈಗೆ ಒಗ್ಗಂಗಿಲ್ಲ ಬಿಡು," ಎನ್ನುತ್ತಿದ್ದರು ಮನೆಯವರು. ಎರಡು ವರ್ಷ ನಾನೂ ಅದನ್ನೇ ನಂಬಿದ್ದೆ. ಈಗ ನೆನೆದರೆ ಅವರ ಮೇಲಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟು ಬರುತ್ತದೆ.

ಅಷ್ಟರಲ್ಲಿ ಕಾರಿಗೆ ಹದಿನೈದು ವರ್ಷ ತುಂಬಿತು. ಯಾದಗಿರಿಯ ಸಾರಿಗೆ ಕಚೇರಿಗೆ ಒಯ್ದು ತೋರಿಸಿ ನೋಂದಣಿ ಹೊಸದು ಮಾಡಿಸಬೇಕು. ನಮ್ಮ ಕಡೆ ಅದಕ್ಕೆ ಪಾಸಿಂಗ್ ಎನ್ನುತ್ತಾರೆ. "ಪಾಸ್ ಆಗ್ಲಿಲ್ಲಂದ್ರ ಮಾರಿಬಿಡೂಣು. ನಿನಗೂ ತ್ರಾಸು ತಪ್ಪತದ," ಎಂದರು. ನನಗೆ ಮತ್ತೆ ಬಸ್ಸಿನ ಬಾಗಿಲು ಕಣ್ಣ ಮುಂದೆ ಬಂತು.

ದಪ್ಪ ಗಾಲಿ ಪಾಸಾಗುವುದಿಲ್ಲವೆಂದು ಮನೆಯವರಿಗೂ ಗೊತ್ತಿತ್ತು. ಅದಕ್ಕೆ ಸುರಪುರದ ಟೈರ್ ಅಂಗಡಿಯ ಚಾಚಾನ ಬಳಿ ಉಪಾಯವಿತ್ತು. ಅಂಗಡಿಯ ಹಿಂದೆ ನಾಲ್ಕು ಬಡಪಾಯಿ ಕಬ್ಬಿಣದ ಗಾಲಿ ಇಟ್ಟಿದ್ದ. ಅವುಗಳ ಹೆಸರೇ 'ಪಾಸಿಂಗ್ ಗಾಲಿ'. ಮದುವೆಗೆ ಎರವಲು ತರುವ ಕೋಟಿನಂತೆ, ಕಾರು ತೋರಿಸುವವರು ಅವನ್ನು ಹಾಕಿಸಿಕೊಂಡು ಹೋಗಿ, ಪಾಸಾದ ಮೇಲೆ ತಂದು ಮರಳಿಸುತ್ತಿದ್ದರು. ನಾವೂ ದಪ್ಪ ಗಾಲಿ ಅಲ್ಲೇ ಬಿಟ್ಟು ಅವನ್ನು ಹಾಕಿಸಿಕೊಂಡೆವು. ಯಾದಗಿರಿಯವರೆಗೆ ಮನೆಯವರೇ ಓಡಿಸಿದರು.

ಇನ್ಸ್‌ಪೆಕ್ಟರ್ ಬ್ರೇಕು, ದೀಪ ಎಲ್ಲ ನೋಡಿ, ಬಲಗಡೆಯ ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಅದರ ಅಂಚು ಒಂದು ಕಡೆ ನೆಗ್ಗಿತ್ತು.

"ನಮಸ್ಕಾರ್ರಿ," ಎಂದರು, ಗಾಲಿಗೆ.

ನಾವು ಮುಖ ಮುಖ ನೋಡಿಕೊಂಡೆವು.

"ಹೋದ ತಿಂಗಳ ಬಿಳಿ ಕಾರಿನ ಕೂಡ ಬಂದಿದ್ವು. ಅದಕ್ಕಿಂತ ಮೊದಲ ಕೆಂಪು ಕಾರಿನ ಕೂಡ. ಈ ಜಿಲ್ಲಾದಾಗ ಇವುಕ್ಕಿಂತ ಹೆಚ್ಚು ಸಲ ಪಾಸಾದವರು ಯಾರೂ ಇಲ್ಲ ನೋಡ್ರಿ." ಆಮೇಲೆ ಎದ್ದು ನಿಂತು ಮನೆಯವರಿಗೆ ಹೇಳಿದರು: "ಇವು ಇದ್ರ ಗಾಡಿ ಪಾಸ್. ಇವನ್ನ ಬಿಚ್ಚಿ ಆ ದಪ್ಪನವು ಹಾಕಿ ರಸ್ತಾಕ್ಕ ಬಂದ್ರ ಹಿಡೀತೀನಿ. ನೀವು ರೂಲು ತಿಳಿದೋರು, ನಿಮಗೇನ್ ಹೇಳೂದು."

ರೂಲು ತಿಳಿದವರು ಆಕಾಶ ನೋಡತೊಡಗಿದರು. ಹೊರಗೆ ಬಂದ ಮೇಲೆ ಕೀಲಿಯನ್ನು ನನ್ನ ಕೈಗಿಟ್ಟರು.

ಭೀಮಾ ನದಿಯ ಸೇತುವೆ ದಾಟುವಾಗ ಗಮನಿಸಿದೆ, ನನ್ನ ಭುಜ ನೋಯುತ್ತಿರಲಿಲ್ಲ. ದೋರನಹಳ್ಳಿ ಬಂದಾಗ ಏನೋ ಹೊಳೆದು ಕಾರನ್ನು ಶಾಲೆಯ ಕಡೆ ತಿರುಗಿಸಿದೆ. ಬೆಂಚಿನವರು ಸಿದ್ಧರಾದರು. "ಒಂದು!" ಎಂದು ಕೂಗುವಷ್ಟರಲ್ಲಿ ಕಾರು ಬೇವಿನ ಮರ ಬಳಸಿ ಗೇಟಿನೊಳಗೆ ನಿಂತಿತ್ತು. ಒಂದೇ ಸಲಕ್ಕೆ. ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ ಅತ್ತುಬಿಟ್ಟೆ. ಸಂತೋಷಕ್ಕಲ್ಲ, ಸಿಟ್ಟಿಗೆ.

"ಗಾಲಿ ಸಣ್ಣ ಅವ, ಅದಕ್ಕ ತಿರಗ್ತು," ಎಂದರು ಮನೆಯವರು.

"ಹೌದ್ರಿ. ಎರಡು ವರ್ಷ ದಪ್ಪ ಇದ್ವು, ಅದಕ್ಕ ತಿರಗಲಿಲ್ಲ."

ಮರುದಿನ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುರಪುರಕ್ಕೆ ನಾನೇ ಓಡಿಸಿಕೊಂಡು ಹೋದೆ. "ಚಾಚಾ, ಈ ಗಾಲಿ ನಾ ಕೊಡಂಗಿಲ್ಲ. ಆ ದಪ್ಪನವು ನೀನೇ ಇಟ್ಕೋ," ಎಂದೆ. ಜಗಳಕ್ಕೇ ಸಿದ್ಧಳಾಗಿದ್ದೆ.

ಚಾಚಾ ನಕ್ಕ. "ಒಯ್ರಿ ಟೀಚರ್. ಇವು ನಿಮ್ಮವೇ ಅವ. ಸಾಹೇಬ್ರು ಆವತ್ತು ಇಲ್ಲೇ ಬಿಚ್ಚಿ ಬಿಟ್ಟು ಹೋಗಿದ್ರಲ್ಲ."

ಪಕ್ಕದಲ್ಲಿದ್ದ ಸಾಹೇಬರು ನೆಗ್ಗಿದ ಅಂಚನ್ನೇ ಮೊದಲ ಸಲ ಕಂಡವರಂತೆ ನೋಡುತ್ತಿದ್ದರು. ನಾನು ಬೇವಿನ ಮರದ ಕೆಳಗೆ ಮರ್ಯಾದೆ ಕಳೆದುಕೊಳ್ಳುತ್ತಿದ್ದ ಎರಡೂ ವರ್ಷ, ನನ್ನ ಗಾಲಿಗಳು ಊರವರನ್ನೆಲ್ಲ ಪಾಸು ಮಾಡಿಸುತ್ತಿದ್ದವು.

ಹೋಟೆಲಿನವರು ಈಗಲೂ ನನ್ನ ಕಾರು ಕಂಡರೆ "ಒಂದು" ಎನ್ನುತ್ತಾರೆ. ಮುಂದೆ ಎಣಿಸಲು ಅವರಿಗೇನೂ ಉಳಿದಿಲ್ಲ.