ಲಿಂಗ ಹಿಡಿದ ಕೈಯ ಗಡಿಯಾರ

ನಮ್ಮ ಯಜಮಾನರ ಕೈಗೆ ಗಡಿಯಾರ ಕಟ್ಟುವುದೆಂದರೆ ಹೋರಿಗೆ ಮೂಗುದಾರ ಹಾಕಿದ ಹಾಗೆ. ಮದುವೆಯಲ್ಲಿ ನಮ್ಮಪ್ಪ ಕೊಟ್ಟ ಗಡಿಯಾರವನ್ನು ಅವರು ಫೋಟೋ ತೆಗೆಸುವವರೆಗೆ ಮಾತ್ರ ಕಟ್ಟಿದ್ದರು. ರಾಯದುರ್ಗದ ಬಜಾರಿನಲ್ಲಿ ಅವರದು ದಾರ, ಜಿಪ್ಪು, ಗುಂಡಿಗಳ ಅಂಗಡಿ. ಜೀನ್ಸ್ ಹೊಲಿಯುವವರು ಸುತ್ತಮುತ್ತ ಎಲ್ಲ ಕಡೆ ಇದ್ದಾರೆ. ಅವರ ಮಷಿನ್ನುಗಳ ಸದ್ದು ನಿಂತರೆ ಊಟದ ಹೊತ್ತು, ಮತ್ತೆ ಶುರುವಾದರೆ ಊಟ ಮುಗಿದ ಹೊತ್ತು, ಇದರ ಮೇಲೆ ಗಡಿಯಾರ ಯಾಕೆ ಎಂಬುದು ಅವರ ವಾದ. ವಾದದಲ್ಲಿ ಅವರನ್ನು ಗೆದ್ದವರನ್ನು ನಾನಂತೂ ಕಂಡಿಲ್ಲ.

ಅಂಥವರು ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಒಳಗೆ ಕಾಲಿಟ್ಟವರೇ ದಾರದ ಡಬ್ಬಿಗಳ ಮೇಲೆ ಕುಸಿದುಬಿದ್ದರು. ನಾನು ಬೊಮ್ಮನಹಾಳಿನ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವವಳು, ಆಗ ಬಸ್ಸಿನಲ್ಲಿದ್ದೆ. ಪಕ್ಕದ ಅಂಗಡಿಯವರು ಫೋನ್ ಮಾಡಿದರು. ನಡುದಾರಿಯಲ್ಲಿ ಇಳಿದು, ಎದುರಿಗೆ ಬಂದ ಆಟೋ ಹತ್ತಿ ನಾನು ವಾಪಸು ಬರುವಷ್ಟರಲ್ಲಿ ಅವರು ಸ್ಟೂಲಿನ ಮೇಲೆ ಕೂತು ಸೋಡಾ ಕುಡಿಯುತ್ತಿದ್ದರು.

"ಏನೂ ಆಗಿಲ್ಲ, ಕಣ್ಣಿಗಿ ಕತ್ತಲಿ ಬಂತು, ಹೋತು," ಎಂದರು. "ನೀ ಸಾಲಿ ಬಿಟ್ಟು ಯಾಕ ಬಂದಿ?"

ಅವರ ಹಣೆ ತರಚಿ ರಕ್ತ ಬಂದಿತ್ತು. ಬೈಯಬೇಕೆಂದು ಬಾಯಿ ತೆರೆದವಳು ಸೆರಗಿನಿಂದ ಅದನ್ನು ಒರೆಸತೊಡಗಿದೆ. ಈ ಮನುಷ್ಯ ಇಲ್ಲದೆ ನಾನು ಬದುಕಬೇಕಾಗಬಹುದು ಎಂಬ ಯೋಚನೆ ಅಲ್ಲಿಯವರೆಗೆ ಒಮ್ಮೆಯೂ ನನ್ನ ಬಳಿ ಸುಳಿದಿರಲಿಲ್ಲ. ಅವತ್ತು ಬಂತು, ಬಂದು ಮನೆಯಲ್ಲೇ ಠಿಕಾಣಿ ಹೂಡಿತು.

ಬಳ್ಳಾರಿಯ ಡಾಕ್ಟರು ಇಸಿಜಿ ತೆಗೆದರು, ಚೆನ್ನಾಗಿತ್ತು. ಒಂದು ಹಗಲು ಒಂದು ರಾತ್ರಿ ಎದೆಗೆ ವೈರು ಅಂಟಿಸಿ ಸೊಂಟಕ್ಕೆ ಡಬ್ಬಿ ಕಟ್ಟಿ ಕಳಿಸಿದರು. ಆ ಡಬ್ಬಿ ಇದ್ದಷ್ಟು ಹೊತ್ತು ಯಜಮಾನರ ಎದೆ ಇನ್ಸ್‌ಪೆಕ್ಟರು ಬಂದ ದಿನದ ಕ್ಲಾಸಿನ ಹಾಗೆ ಶಿಸ್ತಿನಿಂದ ಇತ್ತು. ಡಾಕ್ಟರು ತಲೆ ಕೆರೆದುಕೊಂಡು, "ನಾಡಿ ಆಗಾಗ ಇಳಿತೈತಿ ಅಂತ ನನ್ನ ಅನುಮಾನ ಐತ್ರಿ ಮೇಡಂ. ಆದ್ರ ಇಳಿದಾಗ ನಮ್ಮ ಕೈಗೆ ಸಿಗಬೇಕಲ್ಲ? ಯಾವ ಹೊತ್ತಿನಾಗ ಹಂಗ ಆಗತೈತಿ ಅಂತ ನೋಡಿಕೊಂಡು ಬರ್ರಿ," ಎಂದರು. ಇನ್ನೊಮ್ಮೆ ಬೀಳುವ ಮೊದಲು ಅದನ್ನು ಹಿಡಿಯಬೇಕು, ಅದು ನನ್ನ ಕೆಲಸ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

ಮಗಳನ್ನು ಮಡಕಶಿರಾಕ್ಕೆ ಕೊಟ್ಟಿದ್ದೇವೆ. ಅವಳು ಅಲ್ಲಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ವಿಷಯ ತಿಳಿದು ಓಡಿ ಬಂದಾಗ ಒಂದು ಸ್ಮಾರ್ಟ್ ವಾಚು ತಂದಳು. ನೋಡಲಿಕ್ಕೆ ಅಂಥ ಚೆಂದವೇನಲ್ಲ, ಕಪ್ಪು ಪ್ಲಾಸ್ಟಿಕ್ಕಿನ ಚೌಕ.

"ಅಮ್ಮ, ಇದು ಬೇರೆ ವಾಚ್‌ಗಳ ಥರ ಅಲ್ಲ. ಇದ್ರೊಳಗಿರೋ ಪ್ರೋಗ್ರಾಮ್‌ನ ಬರ್ದೋರು ಬಚ್ಚಿಟ್ಕೊಂಡಿಲ್ಲ. ಯಾರ್ ಬೇಕಾದ್ರೂ ಓದ್ಬೋದು, ತಿದ್ಬೋದು, ತಿದ್ದಿದ್ದನ್ನ ಇನ್ನೊಬ್ರಿಗೆ ಕೊಡ್ಬೋದು. ನಾಡಿ ಎಷ್ಟಿತ್ತು ಅಂತ ಬರ್ದಿಟ್ಕೊಳುತ್ತೆ. ಬರ್ದಿದ್ದು ನಮ್ಮತ್ರನೇ ಇರುತ್ತೆ, ಯಾವ ಕಂಪನಿಗೂ ಹೋಗಲ್ಲ."

"ಮಡಕಶಿರಾ ನೀರು ಕುಡಿದು ನಿನ್ನ ಮಾತಽ ಬದಲಾಗೇತಲ್ಲವಾ," ಎಂದು ಯಜಮಾನರು ನಕ್ಕರು. ಆದರೆ ಮಗಳು ಕೈ ಹಿಡಿದು, ಪರದೆ ಅಂಗೈಯ ಬದಿಗೆ ಬರುವಂತೆ ಕಟ್ಟಿದಾಗ ಸುಮ್ಮನೆ ಕಟ್ಟಿಸಿಕೊಂಡರು. ನಾನು ಕಟ್ಟಿದ್ದರೆ ಅವರ ವಾದ ಇನ್ನೂ ಮುಗಿಯುತ್ತಿರಲಿಲ್ಲ.

ಮಗಳು ಊರಿಗೆ ಹೋದ ಮೇಲೆ ಒಂದೆರಡು ದಿನ ನಾನೇ ಕಟ್ಟಿಕೊಂಡು ಶಾಲೆಗೆ ಹೋಗಿ ಪರೀಕ್ಷೆ ಮಾಡಿದೆ. ಬೊಮ್ಮನಹಾಳಿನ ಬಸ್ಸಿನ ಕುಲುಕಾಟವನ್ನೆಲ್ಲ ಅದು ನನ್ನ ನಡಿಗೆಯ ಲೆಕ್ಕಕ್ಕೆ ಹಾಕಿ, ಸೀಟಿನಲ್ಲಿ ಕೂತಿದ್ದವಳಿಗೆ ಶಹಬ್ಬಾಸ್ ಎಂದು ನಡುಗಿತು. ನಮ್ಮ ಬಿಸಿಲಿನಲ್ಲಿ ಫೋನಿನ ಪರದೆ ಕಾಣುವುದೇ ಇಲ್ಲ, ಇದು ಮಾತ್ರ ಅಚ್ಚುಕಟ್ಟಾಗಿ ಕಾಣುತ್ತಿತ್ತು, ಆ ಮಟ್ಟಿಗೆ ಮೆಚ್ಚಿಕೊಂಡೆ. ಮಗಳ ಮೆಸೇಜು ಬಂದರೆ ಕನ್ನಡ ಅಕ್ಷರದ ಜಾಗದಲ್ಲಿ ಸಾಲಾಗಿ ಖಾಲಿ ಡಬ್ಬಿಗಳು ಬರುತ್ತಿದ್ದವು. ರಬ್ಬರಿನ ಪಟ್ಟಿಯ ಕೆಳಗೆ ಬೆವರಿಗೆ ಗುಳ್ಳೆ ಏಳುತ್ತಿತ್ತು. ಅದಕ್ಕೆ ಪರಿಚಯದ ಹೊಲಿಗೆಯವರ ಹತ್ತಿರ ಜೀನ್ಸಿನ ತುಂಡಿನಲ್ಲಿ ಹೊಸ ಪಟ್ಟಿ ಹೊಲಿಸಿದೆ. ಎರಡು ದಿನದಲ್ಲಿ ಯಜಮಾನರ ಮಣಿಕಟ್ಟಿಗೆ ಬಣ್ಣ ಬಿಟ್ಟಿತು. "ಶಿವಗ ಕೊಳ್ಳು ನೀಲಿ, ನನಗ ಕೈ ನೀಲಿ," ಎಂದು ಅವರು ಬಜಾರಿನವರಿಗೆಲ್ಲ ತೋರಿಸಿ ಬಂದರು. ಪಟ್ಟಿಯನ್ನು ಉಪ್ಪು ನೀರಿನಲ್ಲಿ ನೆನೆಸಿ ಒಗೆದು ಮತ್ತೆ ಕಟ್ಟಿದೆ.

ಇಷ್ಟೆಲ್ಲ ಸರಿಹೋಯಿತು ಎನ್ನುವಾಗ ನಿಜವಾದ ತಕರಾರು ಬಂದದ್ದು ಪೂಜೆಯಲ್ಲಿ.

ನಮ್ಮದು ಲಿಂಗ ಕಟ್ಟುವ ಮನೆತನ. ಯಜಮಾನರು ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ನೀರೆರೆದು ಪತ್ರೆ ಏರಿಸಿ, ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತ ಕೂರುತ್ತಾರೆ. ಅಷ್ಟು ಹೊತ್ತು ಅವರು ನನ್ನ ಜೊತೆ ವಾದ ಮಾಡುವುದಿಲ್ಲವಾದ್ದರಿಂದ ನನಗೂ ಆ ಹೊತ್ತು ಪವಿತ್ರ. ಆದರೆ ಗಡಿಯಾರ ಮಾಡಿದವರು ಎಡಗೈಯನ್ನು ಮುಖದ ಕಡೆ ಎತ್ತಿದರೆ ಮನುಷ್ಯನಿಗೆ ಟೈಮು ಬೇಕಾಗಿದೆ ಎಂದು ತಿಳಿದಿದ್ದರು. ಯಜಮಾನರು ಲಿಂಗವನ್ನು ಎತ್ತಿದೊಡನೆ ಮಣಿಕಟ್ಟಿನಲ್ಲಿ ಝಗ್ಗನೆ ದೀಪ ಹತ್ತಿತು. ಎರೆದ ನೀರಿನ ಹನಿ ಪರದೆಯ ಮೇಲೆ ಬಿದ್ದು, ಅದನ್ನು ಬೆರಳೆಂದು ತಿಳಿದು ಗಡಿಯಾರ ಯಾವುದೋ ಆಟ ತೆರೆದು ಗುರ್ರ್ ಎಂದು ನಡುಗಿತು.

ಮಾರನೆಯ ದಿನದಿಂದ ಅವರು ಪೂಜೆಗೆ ಕೂರುವಾಗ ಗಡಿಯಾರ ಬಿಚ್ಚಿಟ್ಟರು. "ನಾ ಲಿಂಗ ನೋಡಬೇಕಂದ್ರ ಇದು ನನ್ನ ನೋಡು ಅಂತೈತಿ. ಪೂಜಿಗಿ ಬ್ಯಾಡ."

"ಕಣ್ಣಿಗಿ ಕತ್ತಲಿ ಬರೋದು ಯಾವಾಗ್ರಿ? ಖರೆ ಹೇಳ್ರಿ," ಎಂದೆ.

ಅವರು ಬಿಚ್ಚಿದ ಗಡಿಯಾರವನ್ನು ಗೋಡೆಯ ಗೂಡಿನಲ್ಲಿ ಇಟ್ಟರು. ಕಡೆಗೆ, "ಪೂಜಿಗಿ ಕುಂತಾಗನಽ ಹೆಚ್ಚು," ಎಂದರು. ಕೈಯಲ್ಲಿನ ಲಿಂಗ ಮಸುಕಾಗುತ್ತದಂತೆ. ಆಮೇಲೆ ತಾನೇ ಸರಿಹೋಗುತ್ತದಂತೆ. ಬಿದ್ದ ದಿನವೂ ಪೂಜೆಯಲ್ಲೇ ಒಮ್ಮೆ ಹಾಗಾಗಿತ್ತಂತೆ. ಇಷ್ಟು ದಿನ ಹೇಳದೆ ಇದ್ದದ್ದಕ್ಕೆ ನಾನು ಚೆನ್ನಾಗಿಯೇ ಬೈದೆ. ಯಾವ ಹೊತ್ತಿನಲ್ಲಿ ಗಡಿಯಾರ ಕೈಯಲ್ಲಿರಬೇಕೋ ಸರಿಯಾಗಿ ಆ ಹೊತ್ತಿನಲ್ಲೇ ಅದು ಗೂಡಿನಲ್ಲಿ ಬಿದ್ದಿರುತ್ತಿತ್ತು.

ಬಲಗೈಗೆ ಕಟ್ಟಿಕೊಳ್ಳಿ ಎಂದರೆ, ನೀರು, ಪತ್ರೆ, ವಿಭೂತಿ ಎಲ್ಲ ಬಲಗೈಯ ಕೆಲಸ, ಆ ಕೈ ನಿಲ್ಲುವುದೇ ಇಲ್ಲ. ಕೈ ಅಲುಗಾಡಿದರೆ ನಾಡಿಯ ಲೆಕ್ಕ ದಿಕ್ಕಾಪಾಲಾಗುತ್ತದೆ. ಮಗಳಿಗೆ ಫೋನ್ ಮಾಡಿದೆ. "ನೀನೇ ತಿದ್ದಮ್ಮ, ಲೆಕ್ಕದ ಟೀಚರಲ್ವಾ? ನಾನ್ ಹೇಳ್ಕೊಡ್ತೀನಿ," ಎಂದಳು. ಈ ವಯಸ್ಸಿನಲ್ಲಿ ಪ್ರೋಗ್ರಾಂ ಬರೆಯಲು ಕೂತೆ. ಈ ಗಡಿಯಾರ ಕಟ್ಟುವವರು ಲೋಕದ ಮೂಲೆಮೂಲೆಯಿಂದ ಬರೆದುಕೊಳ್ಳುವ ಒಂದು ತಾಣವಿದೆ. ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಅಲ್ಲಿ ನನ್ನ ಬೇಡಿಕೆ ಇಟ್ಟೆ: ಕೈ ಎತ್ತಿದರೆ ದೀಪ ಹತ್ತಬಾರದು, ನೀರು ಬಿದ್ದರೆ ಅಲುಗಬಾರದು, ಯಾರು ಕರೆದರೂ ನಡುಗಬಾರದು, ನಾಡಿಯನ್ನು ಮಾತ್ರ ಬರೆದುಕೊಳ್ಳುತ್ತಿರಬೇಕು. ಅಷ್ಟು ಹೊತ್ತು ಬಿಚ್ಚಿಡಬಾರದೇ ಎಂದು ಒಬ್ಬರು ಕೇಳಿದರು. ನನಗೆ ಸಿಟ್ಟು ಬಂತು. ಬಿಚ್ಚಿಡುವ ಹಾಗಿದ್ದರೆ ನಿಮ್ಮನ್ನು ಯಾಕೆ ಕೇಳುತ್ತಿದ್ದೆ ಎಂದು ಬರೆದು, ಮಗಳು ಬೇಡವೆಂದದ್ದಕ್ಕೆ ಅಳಿಸಿದೆ. ಆ ಹೊತ್ತಿನಲ್ಲಿ ನನ್ನ ಗಂಡನ ಕೈಯಲ್ಲಿ ದೇವರು ಕೂತಿರುತ್ತಾನೆ ಎಂದಷ್ಟೇ ಬರೆದೆ. ಯಾವುದೋ ಚಳಿದೇಶದವರೊಬ್ಬರು ಎಲ್ಲಿ ತಿದ್ದಬೇಕೆಂದು ಸಾಲು ಸಾಲಾಗಿ ತೋರಿಸಿಕೊಟ್ಟರು. ಅವರ ಮುಖ ನೋಡಿಲ್ಲ, ಹೆಣ್ಣೋ ಗಂಡೋ ಗೊತ್ತಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ಮೊದಲ ಸಲ ತಿದ್ದಿದಾಗ ಗಡಿಯಾರದ ಅಂಕಿಗಳೆಲ್ಲ ತಲೆಕೆಳಗಾದವು. ಎರಡನೆಯ ಸಲ ಕಣ್ಣು ಮುಚ್ಚಿದ್ದು ಬ್ಯಾಟರಿ ಮುಗಿಯುವವರೆಗೆ ತೆರೆಯಲೇ ಇಲ್ಲ. ಆಮೇಲೊಂದು ಭಾನುವಾರ ಸರಿಹೋಯಿತು. ಪಕ್ಕದ ಗುಂಡಿಯನ್ನು ಒತ್ತಿ ಹಿಡಿದರೆ ಸಾಕು, ಪೂಜೆ ಮುಗಿಯುವವರೆಗೆ ಅದು ಕಪ್ಪು ಕಲ್ಲಿನ ಹಾಗೆ ಸುಮ್ಮನಿರುತ್ತಿತ್ತು. ಯಜಮಾನರು ಕೈ ಎತ್ತಿ, ಇಳಿಸಿ, ನೀರು ಚಿಮುಕಿಸಿ ನೋಡಿದರು. "ಮೇಡಂ, ಪಾಸಾದ್ರಿ," ಎಂದರು. ಅವತ್ತು ನಾನು ಹೋಳಿಗೆ ಮಾಡಿದೆ.

ಮಾರನೆಯ ದಿನ ಅದು ಬರೆದುಕೊಂಡದ್ದನ್ನು ಆಸೆಯಿಂದ ಫೋನಿಗೆ ಹಾಕಿ ನೋಡಿದರೆ ಪೂಜೆಯ ಹೊತ್ತಿನ ಜಾಗ ಪೂರ್ತಿ ಖಾಲಿ. ಅದರ ಮಾರನೆಯ ದಿನವೂ ಹಾಗೆಯೇ. ನನಗೆ ತಡೆಯಲಿಲ್ಲ. ಅಂಗಡಿಗೇ ಹೋಗಿ, ಗಿರಾಕಿಗಳ ಎದುರಿಗೇ, "ಬಿಚ್ಚಿಡಂಗಿದ್ರ ನನಗ ಹೇಳಬೇಕಿತ್ತು. ನಾ ಯಾಕ ಕಣ್ಣು ಕೆಡಿಸಿಕೊಂಡು ಕುಂದ್ರತಿದ್ದೆ?" ಎಂದೆ.

"ಬಿಚ್ಚಿಲ್ಲ. ಲಿಂಗದಾಣೆ," ಎಂದರು.

ಲಿಂಗದ ಮೇಲೆ ಆಣೆ ಇಟ್ಟು ಅವರು ಸುಳ್ಳು ಹೇಳುವವರಲ್ಲ. ಮರುದಿನ ಪೂಜೆಯ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಎಳೆದುಕೊಂಡವರು, ಗಡಿಯಾರವನ್ನು ಮೆಲ್ಲಗೆ ಮೇಲಕ್ಕೆ ಸರಿಸಿ, ಮಣಿಕಟ್ಟಿಗೂ ಮೂರು ಬೆರಳಿನಲ್ಲಿ ದಪ್ಪಗೆ ಹಚ್ಚಿ, ಮತ್ತೆ ಗಡಿಯಾರವನ್ನು ಅದರ ಮೇಲೇ ಇಳಿಸಿದರು. ಗಡಿಯಾರದ ಅಡಿಯಲ್ಲಿ ಒಂದು ಹಸಿರು ದೀಪ ಮಿಣುಕಿ ಚರ್ಮದ ಕೆಳಗೆ ರಕ್ತ ಹರಿಯುವುದನ್ನು ನೋಡುತ್ತದೆ. ಪಾಪ, ಅದು ದಿನಾ ಬೆಳಿಗ್ಗೆ ಬೂದಿ ನೋಡುತ್ತ ಕೂತಿತ್ತು. ನಾನು ಬಾಗಿಲಿಗೆ ಒರಗಿ ನಕ್ಕೆ, ನಗುತ್ತಾ ನಗುತ್ತಾ ಅಳುವೇ ಬಂತು.

"ಮಣಿಕಟ್ಟು ಬಿಡಾಕ ಬರಂಗಿಲ್ಲ," ಎಂದರು ಯಜಮಾನರು. "ನಮ್ಮಪ್ಪ ಕಲಿಸಿದ್ದು."

"ಬಿಡಬ್ಯಾಡ್ರಿ," ಎಂದೆ. ಮಡಿ ಸೀರೆಯ ಸೆರಗನ್ನು ಒದ್ದೆ ಮಾಡಿ, ಮಣಿಕಟ್ಟಿನ ಮೇಲಿನ ಮೂರು ಗೆರೆಗಳ ನಡುವೆ ರೂಪಾಯಿ ಬಿಲ್ಲೆಯಷ್ಟು ಜಾಗ ಒರೆಸಿ, ಅಲ್ಲಿಗೆ ದೀಪ ಬರುವ ಹಾಗೆ ಗಡಿಯಾರ ಕೂರಿಸಿದೆ. ಆಮೇಲೆ ದಿನಾ ಬೆಳಿಗ್ಗೆ, ಒಗ್ಗರಣೆ ಇಳಿಸಿ ಬಂದು ಆ ಕೆಲಸ ನಾನೇ ಮಾಡಿದೆ. ಇಷ್ಟು ವರ್ಷದ ಸಂಸಾರದಲ್ಲಿ ನಾವು ದಿನಾ ಕೈ ಹಿಡಿದುಕೊಂಡದ್ದು ಅದೇ ಮೊದಲು ಎಂದರೆ ಮಗಳು ನಂಬುವುದಿಲ್ಲ.

ಒಂದು ದಿನ ಪೂಜೆ ಮುಗಿಸಿ ಬಂದವರು, "ಇವತ್ತು ಬಂದಿತ್ತು," ಎಂದರು. ಫೋನಿನಲ್ಲಿ ನೋಡಿದೆ. ಸಮನಾಗಿ ಹೋಗುತ್ತಿದ್ದ ಗೆರೆ ಪೂಜೆಯ ನಡುವೆ ಥಟ್ಟನೆ ಕೆಳಗಿಳಿದು, ಕೆಳಗೇ ಸ್ವಲ್ಪ ದೂರ ಹೋಗಿ, ಮತ್ತೆ ಮೇಲೆ ಬಂದಿತ್ತು. ಮಕ್ಕಳಿಗೆ ಇಂಥ ಗೆರೆಗಳನ್ನು ಬೋರ್ಡಿನ ಮೇಲೆ ಎಷ್ಟು ಬರೆದಿಲ್ಲ ನಾನು. ಈ ಗೆರೆಯನ್ನು ಮಾತ್ರ ಇನ್ನೊಮ್ಮೆ ನೋಡಲಾರದೆ ಫೋನು ಮಗುಚಿಟ್ಟೆ. ಅದೇ ದಿನ ಬಳ್ಳಾರಿಗೆ ಕರೆದುಕೊಂಡು ಹೋದೆ.

"ಈ ವಾಚಿನ ಮಾತು ನಂಬಿ ನಾನು ಏನೂ ಮಾಡಂಗಿಲ್ರಿ," ಎಂದರು ಡಾಕ್ಟರು. "ಆದ್ರ ಎಲ್ಲಿ ಹುಡುಕಬೇಕು ಅನ್ನೋದು ಗೊತ್ತಾತು. ಅಡ್ಮಿಟ್ ಮಾಡ್ರಿ. ಪೂಜಿ ಇಲ್ಲೇ ಮಾಡ್ಲಿ."

ಹೀಗೆ ನಮ್ಮ ಯಜಮಾನರು ಎದೆಯ ತುಂಬ ವೈರು ಅಂಟಿಸಿಕೊಂಡು, ಆಸ್ಪತ್ರೆಯ ಮಂಚದ ಮೇಲೆ ಲಿಂಗಪೂಜೆಗೆ ಕೂತರು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಅವರು ಕೈ ಎತ್ತಿ ನೋಡುತ್ತಿದ್ದಾಗ ತಲೆಯ ಬಳಿಯ ಮಷಿನ್ನು ಕೂಗಿಕೊಂಡಿತು. ನರ್ಸು ಓಡಿ ಬಂದರು. ಲಿಂಗ ಜಾರದಂತೆ ನಾನು ಅವರ ಅಂಗೈಯ ಕೆಳಗೆ ನನ್ನ ಅಂಗೈ ಕೊಟ್ಟು ಹಿಡಿದೆ. ಅವರ ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಆ ಕ್ಷಣವನ್ನು ಮಾತ್ರ ನೆನೆಯಲು ಈಗಲೂ ನನಗೆ ಧೈರ್ಯವಿಲ್ಲ. ಆಮೇಲೆ ಅವರು ಒಮ್ಮೆ ಕೆಮ್ಮಿ, "ಯಾಕ, ಏನಾತು?" ಎಂದರು.

ಡಾಕ್ಟರಿಗೆ ಬೇಕಾದ ಸಾಕ್ಷಿ ಸಿಕ್ಕಿತ್ತು. ಎದೆಯ ಎಡ ಮೇಲ್ಭಾಗದಲ್ಲಿ, ಚರ್ಮದ ಅಡಿಗೆ, ನಾಡಿ ಇಳಿಯದಂತೆ ಕಾಯುವ ಪುಟ್ಟ ಯಂತ್ರ ಇಟ್ಟರು. ಆಪರೇಷನ್ನಿನ ಹೊತ್ತು ಕೊರಳಿನ ಲಿಂಗವನ್ನು ಯಜಮಾನರು ಬಲಗೈ ಮುಷ್ಟಿಯಲ್ಲಿ ಹಿಡಿದುಕೊಂಡಿರಲು ಡಾಕ್ಟರು ಒಪ್ಪಿದರು. ಹೊರಗೆ ಬೆಂಚಿನ ಮೇಲೆ ಕೂತ ನಾನು ಅವರ ಗಡಿಯಾರವನ್ನು ಹಿಡಿದುಕೊಂಡಿದ್ದೆ.

ಸಂಜೆ ಒಳಗೆ ಬಿಟ್ಟಾಗ ಅವರು ದಿಂಬಿಗೆ ಒರಗಿ ಕೂತಿದ್ದರು. ಮುಖಕ್ಕೆ ಕಳೆ ಬಂದಿತ್ತು. ಗಡಿಯಾರ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

"ನನಗ ಒಳಗಽ ಇಟ್ಟಾರಲ್ಲ, ಇನ್ನ ಹೊರಗಿಂದು ಯಾಕ? ತಾ ಇಲ್ಲಿ ಕೈ." ಎಡಗೈ ಅಲುಗಿಸಬಾರದೆಂದು ಹೇಳಿದ್ದರಿಂದ ಒಂದೇ ಕೈಯಲ್ಲಿ ಒದ್ದಾಡಿ ನನ್ನ ಮಣಿಕಟ್ಟಿಗೆ ಪಟ್ಟಿ ಸುತ್ತಿದರು. ಬಕಲು ನಾನೇ ಹಾಕಿಕೊಂಡೆ. ಅಂಕಿ ಮೂಡುವವರೆಗೆ ಕಾದು, ಹುಬ್ಬು ಗಂಟಿಕ್ಕಿ ನೋಡಿದರು.

"ಇಷ್ಟ್ಯಾಕ ಓಡಾಕತ್ತೈತಿ ನಿಂದು? ಮೆಟ್ಟಲಾ ಹತ್ತಿ ಬಂದೇನು?"

"ಇಲ್ರಿ," ಎಂದೆ. "ನೀವು ಅಂಗಡ್ಯಾಗ ಬಿದ್ದಾಗಿಂದ ಹಿಂಗ ಐತಿ."

ಅವರು ಅಂಕಿ ಇಳಿಯುವವರೆಗೂ ನನ್ನ ಕೈ ಬಿಡದೆ ನೋಡುತ್ತ ಕೂತರು.